ಅಮ್ಮನನ್ನು ವೇದಿಕೆಗೆ ಕರೆಯುವ ಮುನ್ನ

ನನಗೆ ಅನುಮಾನದ ಬುದ್ಧಿ ಜಾಸ್ತಿ ಎಂದು ನನ್ನ ಗಂಡ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾರೆ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಎನ್ನುತ್ತೇನಂತೆ. "ಅನುಮಾನಂ ಪೆದ್ದ ರೋಗಂ" ಎಂದು ತೆಲುಗು ಬಾರದಿದ್ದರೂ ಆ ಒಂದು ಮಾತನ್ನು ಮಾತ್ರ ಚೆನ್ನಾಗಿ ಕಲಿತಿದ್ದಾರೆ. ಇರಲಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಉತ್ತರ ಸರಿಯಿದ್ದು ನಡುವಿನ ಲೆಕ್ಕವೇ ಇಲ್ಲದಿದ್ದರೆ ಪಕ್ಕದವನದು ನೋಡಿ ಬರೆದಿದ್ದಾನೆ ಎಂದು ಕಂಡುಹಿಡಿಯುವುದು ನನ್ನ ಉದ್ಯೋಗವಾಗಿತ್ತು. ನಿವೃತ್ತಿಯಾದ ಮೇಲೆ ಪಿಂಚಣಿ ಕೊಟ್ಟರೇ ಹೊರತು ಆ ಬುದ್ಧಿಯನ್ನು ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ.

ಆದ್ದರಿಂದ ನನ್ನ ತಂಗಿಯ ಮಗ ಒಂದು ಭಾನುವಾರ ಹೇಳದೆ ಕೇಳದೆ ಶಂಕರಪುರದ ನಮ್ಮ ಮನೆಗೆ ಬಂದು, ಎರಡು ಸಲ ಕಾಫಿ ಕುಡಿದು, "ದೊಡ್ಡಮ್ಮ, ನಿಮ್ಮ ಟ್ರಸ್ಟ್‌ಗೆ ದುಡ್ಡು ಎತ್ತೋದು ಹೇಗೆ ಅಂತ ನಾನು ತೋರಿಸ್ಕೊಡ್ತೀನಿ" ಎಂದಾಗ ನನ್ನ ಮೊದಲ ಪ್ರಶ್ನೆ, "ನಿನಗೇನೋ ಲಾಭ?" ಎಂದೇ ಆಗಿತ್ತು.

ಅವನು ಟೀವಿಯ ಹಾಡಿನ ರಿಯಾಲಿಟಿ ಶೋ ಒಂದರಲ್ಲಿ ಕೆಲಸ ಮಾಡುತ್ತಾನೆ. ಹಾಡುವವನಲ್ಲ, ಹಾಡಿಸುವವನೂ ಅಲ್ಲ. ಸ್ಪರ್ಧಿಗಳ ಮನೆಯ ಕಷ್ಟ ಹುಡುಕಿ ತರುವವನು. ಯಾರ ಅಪ್ಪ ಆಟೋ ಓಡಿಸುತ್ತಾರೆ, ಯಾರ ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಯಾರು ಚಪ್ಪಲಿಯಿಲ್ಲದೆ ಆಡಿಷನ್‌ಗೆ ಬಂದರು, ಇವೆಲ್ಲ ಅವನ ಇಲಾಖೆ. ಈ ಕೆಲಸಕ್ಕೆ ಸಂಬಳ ಕೊಡುತ್ತಾರೆ ಎಂದು ತಿಳಿದ ದಿನ ನಾನು ನನ್ನ ತಂಗಿಗೆ ಫೋನ್ ಮಾಡಿ ನಿಜವೇ ಎಂದು ಕೇಳಿದ್ದೆ.

ನಮ್ಮ ಟ್ರಸ್ಟಿನ ಬಗ್ಗೆ ಎರಡು ಮಾತು ಹೇಳಬೇಕು. ಹಿಂದೆ ಈ ಕಡೆಯ ಬಡಾವಣೆಗಳಲ್ಲಿ ವಾರಾನ್ನ ಎಂಬ ಪದ್ಧತಿ ಇತ್ತು. ಊರಿನಿಂದ ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ ಉಂಡು ಪಾಸಾಗುತ್ತಿದ್ದ. ನಮ್ಮ ತಾತನ ಕಾಲದಲ್ಲಿ ಅದು ನಮ್ಮ ಜಾತಿಯ ಹುಡುಗರಿಗೆ ಮಾತ್ರ ಇತ್ತು. ಅದನ್ನು ಮುಚ್ಚಿಟ್ಟು ಹೊಗಳಿಕೊಳ್ಳುವುದು ನನಗೆ ಬರುವುದಿಲ್ಲ. ಆಮೇಲೆ ಪದ್ಧತಿಯೇ ನಿಂತುಹೋಯಿತು. ನಾವು ಕೆಲವರು ನಿವೃತ್ತ ಟೀಚರುಗಳು, ಬ್ಯಾಂಕಿನವರು ಸೇರಿ ಅದನ್ನೇ ಹೆಣ್ಣುಮಕ್ಕಳಿಗೆಂದು, ಯಾವ ಜಾತಿ ಎಂದು ಕೇಳದೆ, ಮತ್ತೆ ಶುರುಮಾಡಿದೆವು. ಚಾಮರಾಜಪೇಟೆಯಲ್ಲಿ ರೂಮು ಹಿಡಿದು ಓದುವ ಹುಡುಗಿಯರಿಗೆ ರಾತ್ರಿಯ ಊಟ, ದಿನಕ್ಕೊಂದು ಮನೆ. ಗೌಡರ ಮನೆಯೂ ಉಂಟು, ಐಯಂಗಾರರ ಮನೆಯೂ ಉಂಟು. ನಿಯಮಗಳು ಮೂರೇ: ತಂಗಳು ಬಡಿಸಬಾರದು, ಸಾಕಾ ಎಂದು ಕೇಳಬಾರದು, ಮನೆಯ ವಿಷಯ ವಿಚಾರಿಸಬಾರದು. ಉಣ್ಣುವವಳೇ ತಾನಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಅದನ್ನು ಇನ್ನೊಂದು ಮನೆಗೆ ದಾಟಿಸಬಾರದು.

ನಮ್ಮ ಮನೆಗೆ ಗುರುವಾರ ಬರುತ್ತಿದ್ದ ಹುಡುಗಿ ಹುಳಿಯಾರಿನ ಆಚೆಯ ಹಳ್ಳಿಯವಳು, ಬಿ.ಎಸ್ಸಿ. ಎರಡನೇ ವರ್ಷ. ಅವಳಾಗಿ ಒಂದು ವಿಷಯ ಹೇಳಿದ್ದಳು. ಮೊದಲ ವರ್ಷ ಅವಳಿಗೆ ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಸಿಗಲಿಲ್ಲ. ಆದರೆ ಸಿಕ್ಕಿತು ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದಳು. ತಂದೆ ಇಲ್ಲ. ತಾಯಿ ಹಸು ಸಾಕಿ ಡೈರಿಗೆ ಹಾಲು ಹಾಕಿ ಮನೆ ನಡೆಸುವವರು.

"ನಮ್ಮನೇಲಿ ಬಂದೋರಿಗೆ ಉಣ್ಣಾಕಿಡ್ತಾರೆ ಆಂಟಿ. ನಾನು ಬೇರೆಯೋರ ಮನೇಲಿ ದಿನಾ ಉಣ್ತೀನಿ ಅಂತ ಗೊತ್ತಾದ್ರೆ ನಮ್ಮಮ್ಮ ಆವತ್ತೇ ಬಂದು ಕರ್ಕೊಂಡೋಗ್ತಾರೆ. ಇಲ್ಲಾಂದ್ರೆ ಹಸು ಮಾರ್ಬಿಟ್ಟು ಪೀಜಿಗೆ ದುಡ್ಡು ಕಟ್ತಾರೆ. ಎರಡೂ ಬೇಡ. ಅಮ್ಮಂಗೆ ಮಾತ್ರ ಗೊತ್ತಾಗ್ಬಾರ್ದು" ಎಂದಿದ್ದಳು. ನಾನು ಅದನ್ನು ನನ್ನ ಗಂಡನಿಗೂ ಹೇಳಿರಲಿಲ್ಲ. ನಿಯಮ ಎಂದರೆ ನಿಯಮ.

ಈಗ ಟ್ರಸ್ಟಿಗೆ ಬಂದಿದ್ದ ಕಷ್ಟವೆಂದರೆ ಮನೆಗಳು ಕಡಿಮೆಯಾಗುತ್ತಿದ್ದವು. ಹಳೆಯ ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟಿಸುವವರು ಒಬ್ಬರು, ಸೊಸೆಗೆ ಇಷ್ಟವಿಲ್ಲ ಎನ್ನುವವರು ಇನ್ನೊಬ್ಬರು. ಶನಿವಾರಕ್ಕೆ ಮನೆಯೇ ಇರಲಿಲ್ಲ. ಒಂದು ಸಣ್ಣ ಅಡುಗೆಮನೆ ಬಾಡಿಗೆಗೆ ಹಿಡಿದು, ಅಡುಗೆಯವರನ್ನು ಇಡಲು ದುಡ್ಡು ಬೇಕಿತ್ತು. ನಾವು ದುಡ್ಡು ಎತ್ತುತ್ತಿದ್ದ ರೀತಿ ಎಂದರೆ ಅವೆನ್ಯೂ ರಸ್ತೆಯಲ್ಲಿ ಅಚ್ಚುಹಾಕಿಸಿದ ಒಂದು ವಿನಂತಿ ಪತ್ರ. 'ಉದಾರ ದಾನಿಗಳಲ್ಲಿ' ಎಂದು ಶುರುವಾಗುವ ಆ ಪತ್ರವನ್ನು ಜನ ಸಾಸಿವೆ ಕಟ್ಟಿಡಲು ಬಳಸುತ್ತಿದ್ದರೆಂದು ನನಗೆ ಬಲವಾದ ಗುಮಾನಿ.

ನಮ್ಮ ಟೀವಿ ಹುಡುಗ ಕಮಿಟಿಯ ಮುಂದೆ ಬಂದು ಕೂತ. ಕಮಿಟಿ ಎಂದರೆ ನಾನು, ನಮ್ಮ ಖಜಾಂಚಿಯವರು, ಇನ್ನು ಮೂರು ಜನ. ಖಜಾಂಚಿಯವರು ಬ್ಯಾಂಕಿನಿಂದ ರಿಟೈರಾದ ಸಜ್ಜನರು. ಆ ಶೋದ ಒಂದು ಎಪಿಸೋಡನ್ನೂ ಬಿಡದೆ ನೋಡುವ ಅಭಿಮಾನಿ ಎಂದು ಅವತ್ತೇ ಗೊತ್ತಾಯಿತು.

"ನೋಡಿ ಸರ್, ಹತ್ತಾರು ಹುಡುಗೀರಿಗೆ ಊಟ ಹಾಕ್ತೀವಿ ಅಂದ್ರೆ ಯಾರೂ ತಿರುಗಿ ನೋಡಲ್ಲ. ಒಬ್ಳನ್ನ ತೋರಿಸಿ. ಒಂದು ಮುಖ, ಒಂದು ಹೆಸರು, ಒಂದು ಊರು. ಜನ ಆ ಮುಖಕ್ಕೆ ಕೊಡ್ತಾರೆ" ಎಂದ.

"ಮಿಕ್ಕೋರು ಏನು ಮಾಡ್ಬೇಕು? ಮುಖ ಮುಚ್ಕೊಂಡು ಉಣ್ಬೇಕಾ?" ಎಂದೆ.

"ದೊಡ್ಡಮ್ಮ, ನೀವು ಸ್ವಲ್ಪ ಸುಮ್ನಿರ್ತೀರಾ? ಎರಡನೇದು, ನೋಡೋರ ಕೈಯಲ್ಲೇ ಇದೆ ಅನ್ನಿಸ್ಬೇಕು. ನಮ್ಮಲ್ಲಿ ಓಟು ಹಾಕ್ತಾರಲ್ಲ, ಯಾಕೆ? ನಾನು ಓಟು ಹಾಕ್ದೆ, ಅದಕ್ಕೇ ಅವಳು ಉಳಿದ್ಲು ಅಂತ. ಆಮೇಲೆ ಪ್ರತಿ ವಾರ ಅವಳು ಏನಾದ್ಲು ಅಂತ ನೋಡಕ್ಕೆ ಬರ್ತಾರೆ. ನೀವು ದುಡ್ಡು ಇಸ್ಕೊಂಡು ರಸೀದಿ ಕೊಡ್ತೀರಿ, ಮುಗೀತು. ಕೊಟ್ಟೋನಿಗೆ ಹುಡುಗಿ ಪಾಸಾದ್ಲಾ ಫೇಲಾದ್ಲಾ ಗೊತ್ತೇ ಆಗಲ್ಲ."

ಇದು ಸರಿಯಾದ ಮಾತು. ಒಪ್ಪಿಕೊಳ್ಳಲು ನನಗೆ ಇಷ್ಟವಿರಲಿಲ್ಲ, ಆದರೂ ಒಪ್ಪಿಕೊಂಡೆ. ನಮ್ಮ ಪತ್ರಕ್ಕೆ ದುಡ್ಡು ಕಳಿಸಿದ ಯಾರಿಗೂ ನಾವು ಎರಡನೇ ಸಲ ಒಂದು ಸಾಲು ಬರೆದವರಲ್ಲ.

"ಇನ್ನೂ ಒಂದಿದೆ" ಎಂದ. ಖಜಾಂಚಿಯವರ ಕಡೆ ನೋಡಿ ಮೆಲ್ಲಗೆ ನಕ್ಕ. "ಅದನ್ನ ಆಮೇಲೆ ಹೇಳ್ತೀನಿ."

ಆ ನಗು ನನಗೆ ಹಿಡಿಸಲಿಲ್ಲ. ನಾನೂ ಆ ಶೋ ನೋಡುತ್ತೇನೆ. ಬೈಯುತ್ತ ನೋಡುತ್ತೇನೆ, ಅದು ಬೇರೆ. ಜಡ್ಜ್ ಕರ್ಚೀಫು ತೆಗೆಯುವುದು ಯಾವಾಗಲೂ ಹುಡುಗಿ ಅಳುವುದಕ್ಕಿಂತ ಮೊದಲು. ಇನ್ನು ಇಂಥದ್ದೇನೋ ಬರುತ್ತದೆ ಎಂದು ಆ ಮಹಾನುಭಾವರಿಗೆ ಹೇಗೆ ಗೊತ್ತು? ಇದನ್ನು ಕೇಳಿದರೆ ನನ್ನ ಗಂಡ ರಿಮೋಟು ಹಿಡಿದುಕೊಂಡು, "ನೀನು ದೇವಸ್ಥಾನದಲ್ಲಿ ಮಂಗಳಾರತೀನೂ ಅನುಮಾನದಿಂದ ತಗೋತೀಯ" ಎನ್ನುತ್ತಾರೆ.

ಒಂದು ಕಾರ್ಯಕ್ರಮ ಮಾಡಿ, ಅಲ್ಲಿ ಒಬ್ಬ ಹುಡುಗಿಯ ವಿಡಿಯೋ ತೋರಿಸಿ ದುಡ್ಡು ಕೇಳುವುದೆಂದಾಯಿತು. ಮುಖಕ್ಕೆ ಯಾರು ಎಂಬ ಪ್ರಶ್ನೆ ಬಂದಾಗ ಗುರುವಾರದ ಹುಡುಗಿಯೇ ಮುಂದೆ ಬಂದಳು. ಸ್ಟೇಜಿನ ಆಸೆ ಇರಬಹುದೆಂದು ನನಗೆ ಸಂಶಯ. ಅವಳನ್ನು ಒಳಗೆ ಕರೆದು ಕೇಳಿದೆ.

"ಪ್ರೋಗ್ರಾಂ ಹಾಲ್‌ನಲ್ಲಿ ಮಾತ್ರ ತೋರಿಸ್ತಾರೆ ಅಂದ್ರೆ ಪರವಾಗಿಲ್ಲ ಆಂಟಿ. ಮುಂದಿನ ವರ್ಷ ಫಸ್ಟ್ ಇಯರ್‌ನೋರು ಬರ್ತಾರಲ್ಲ, ಅವ್ರಿಗೆ ಊಟ ಬೇಡ್ವಾ? ಫೋನಲ್ಲಿ, ಯೂಟ್ಯೂಬಲ್ಲಿ ಹಾಕ್ಬಾರ್ದು ಅಷ್ಟೆ. ಅಮ್ಮಂಗೆ ಗೊತ್ತಾಗ್ಬಾರ್ದು."

ನಾನು ನಮ್ಮ ಹುಡುಗನಿಂದ ಭಾಷೆ ತೆಗೆದುಕೊಂಡೆ. ಸಭಾಂಗಣದ ಆಚೆ ಒಂದು ಚಿತ್ರವೂ ಹೋಗಕೂಡದು ಎಂದೆ. ಯಾಕೆ ಎಂದು ಹೇಳಲಿಲ್ಲ. "ಪ್ರಾಮಿಸ್ ದೊಡ್ಡಮ್ಮ" ಎಂದು ಎದೆ ಮುಟ್ಟಿಕೊಂಡ. ಎದೆ ಮುಟ್ಟಿಕೊಂಡು ಹೇಳುವವರನ್ನು ನಾನು ನಂಬುವುದಿಲ್ಲ, ಆದರೆ ತಂಗಿಯ ಮಗ.

ನಮ್ಮ ಮನೆಯಲ್ಲೇ ಶೂಟಿಂಗ್ ಆಯಿತು. ಅವಳು ಕೂತು ಊಟ ಮಾಡಬೇಕು, ನಾನು ಬಡಿಸಬೇಕು. ನಾಲ್ಕು ಸಲ ಬಡಿಸಿಸಿದ. ಸ್ಟೀಲ್ ತಟ್ಟೆ ಬಹಳ ಹೊಳೆಯುತ್ತದೆ, ಸೊಟ್ಟಗಿರುವ ಹಳೆಯದು ಇಲ್ಲವೇ ಎಂದು ಕೇಳಿದ.

"ನಮ್ಮನೇಲಿ ಉಣ್ಣಕ್ಕೆ ಬಂದೋರಿಗೆ ಸೊಟ್ಟ ತಟ್ಟೆ ಇಡಲ್ಲ ಕಣೋ. ನಿನಗೆ ಬೇಕಾದ್ರೆ ಇಡ್ತೀನಿ, ಬಾ ಕೂತ್ಕೊ" ಎಂದೆ.

ಆಮೇಲೆ ಅವಳು ನನ್ನನ್ನು ಕಣ್ಣು ತುಂಬಿಕೊಂಡು ನೋಡಬೇಕೆಂದ. ಅವಳಿಗೆ ಬರಲಿಲ್ಲ. "ಏನಮ್ಮ, ಸಾರಿಗೆ ಇನ್ನೊಂದು ಚಮಚ ಮೆಣಸಿನ ಪುಡಿ ಹಾಕಲಾ? ತಾನಾಗೇ ಬರುತ್ತೆ" ಎಂದೆ. ಅವಳು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಳು. ಅದನ್ನೇ ಅವನು ಹಿಡಿದುಕೊಂಡ. ಆಮೇಲೆ ಪಿಟೀಲು ಸೇರಿಸಿ ತೋರಿಸಿದಾಗ ನಾನೇ ಒಂದು ಕ್ಷಣ ಪಾಪ ಎಂದುಕೊಂಡೆ. ಅಲ್ಲಿದ್ದವಳು ನಾನು, ನಗಿಸಿದವಳು ನಾನು! ಇಂಥ ವಿದ್ಯೆ ಕಲಿತವರಿಂದ ದೂರ ಇರುವುದು ಒಳ್ಳೆಯದು ಎನ್ನಿಸಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

ಕಾರ್ಯಕ್ರಮ ಬಸವನಗುಡಿಯ ಒಂದು ಛತ್ರದಲ್ಲಿ, ಭಾನುವಾರ ಸಂಜೆ. ಅವತ್ತು ಬೆಳಿಗ್ಗೆಯಿಂದಲೇ ನನಗೆ ಏನೋ ಮಸಲತ್ತಿನ ವಾಸನೆ ಹೊಡೆಯುತ್ತಿತ್ತು. ಮೊದಲನೆಯದಾಗಿ, ಸೊಪ್ಪು ತರುತ್ತೇನೆಂದು ಗಾಂಧಿ ಬಜಾರಿಗೆ ಹೋದ ನನ್ನ ಗಂಡ ಊಟದ ಹೊತ್ತಿಗೆ ಬರಿಗೈಯಲ್ಲಿ ಬಂದರು. "ಸೊಪ್ಪೆಲ್ಲಿ?" ಎಂದರೆ, "ಬಾಡಿತ್ತು" ಎಂದರು. ಬೆಳಿಗ್ಗೆ ಬಾಡುವ ಸೊಪ್ಪು ನಾನು ಕಂಡಿಲ್ಲ. ಮಾತಿನ ನಡುವೆ ಮೆಜೆಸ್ಟಿಕ್‌ನಲ್ಲಿ ಏನು ಜನ, ಏನು ಜನ ಎಂದರು. ಗಾಂಧಿ ಬಜಾರಿಗೆ ಹೋದವರು ಮೆಜೆಸ್ಟಿಕ್‌ನ ಜನ ನೋಡಿದ್ದು ಹೇಗೆ? ಎರಡನೆಯದಾಗಿ, ಖಜಾಂಚಿಯವರು ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದರು. ಅವರು ನಗುವ ಮನುಷ್ಯರೇ ಅಲ್ಲ.

ಛತ್ರ ತುಂಬಿತ್ತು. ಹಾಡಿನ ಕಾರ್ಯಕ್ರಮವೆಂದು ತಿಳಿದು ಬಂದವರೂ ಇದ್ದರು. ನಿರೂಪಕಿಯೊಬ್ಬಳು ಮೈಕು ಹಿಡಿದು, "ಒಂದು ದೊಡ್ಡ ಸರ್‌ಪ್ರೈಸ್ ಕಾದಿದೆ, ಎಲ್ಲೂ ಹೋಗ್ಬೇಡಿ!" ಎಂದಳು. ಜಾಹೀರಾತಿಲ್ಲದ ಜಾಗದಲ್ಲಿ ಎಲ್ಲಿಗೆ ಹೋಗುತ್ತಾರೆ? ನಾನು ಎದ್ದು ಖಜಾಂಚಿಯವರ ಪಕ್ಕ ಹೋಗಿ ಕೂತು, ಮೇಷ್ಟ್ರ ಧ್ವನಿಯಲ್ಲಿ ಕೇಳಿದೆ: "ಏನು ಸರ್‌ಪ್ರೈಸು?"

ಪಾಪ, ಅವರಿಗೆ ಸುಳ್ಳು ಬರುವುದಿಲ್ಲ. "ತಾಯೀನ ಕರೆಸಿದೀವಿ ಮೇಡಂ! ಊರಿಂದ! ಹುಡುಗೀಗೆ ಗೊತ್ತಿಲ್ಲ. ವಿಡಿಯೋ ಮುಗಿದ ತಕ್ಷಣ ಪರದೆ ಸರಿಯುತ್ತೆ, ತಾಯಿ ಬಂದು ತಬ್ಕೋತಾರೆ. ನಾನೇ ನಂಬರ್ ಕೊಟ್ಟೆ. ನಿಮ್ಮ ಯಜಮಾನ್ರೇ ಬೆಳಿಗ್ಗೆ ಮೆಜೆಸ್ಟಿಕ್‌ಗೆ ಹೋಗಿ ಕರ್ಕೊಂಡ್ಬಂದು ಪಕ್ಕದ ಕೋಣೇಲಿ ಕೂರಿಸಿದಾರೆ."

ಬೈಯಬೇಕೆಂದರೆ ಯಾರನ್ನು ಬೈಯಲಿ? ವಿಚಾರಿಸಬಾರದು, ದಾಟಿಸಬಾರದು ಎಂದು ನಿಯಮ ಮಾಡಿದವರು ನಾವೇ. ಆ ನಿಯಮ ಪಾಲಿಸಿದ್ದರಿಂದಲೇ ಅವರಿಗೆ ಏನೂ ಗೊತ್ತಿರಲಿಲ್ಲ. ತಾಯಿಗೆ ಎಲ್ಲ ತಿಳಿದಿರುತ್ತದೆ ಎಂದು ಅವರು ಅಂದುಕೊಂಡಿದ್ದರು. ವೇದಿಕೆಯಲ್ಲಿ ಹುಡುಗಿ ಎಣ್ಣೆ ಹಾಕಿ ತಲೆ ಬಾಚಿಕೊಂಡು ಕೈಕಟ್ಟಿ ನಿಂತಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಅವಳ ಸುಳ್ಳನ್ನು ಪಿಟೀಲು ಬಾರಿಸಿ ಅವಳ ತಾಯಿಗೆ ಕೇಳಿಸುತ್ತಾರೆ, ಅದೂ ಛತ್ರದ ತುಂಬ ಜನರ ಮುಂದೆ. ಮರುದಿನದ ಬಸ್ಸಿಗೆ ಓದು ಮುಗಿದಂತೆ.

ಮದುವೆಗಳಲ್ಲಿ ಹೆಣ್ಣಿಗೆ ಅಲಂಕಾರ ಮಾಡುವ ಕೋಣೆ ವೇದಿಕೆಯ ಪಕ್ಕದಲ್ಲೇ ಇತ್ತು. ಎದ್ದು ಅಲ್ಲಿಗೆ ಹೋದರೆ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಹುಡುಗಿಯ ತಾಯಿ ಕೂತಿದ್ದರು. ಮಡಿಕೆ ಬಿಚ್ಚಿದ ಗುರುತಿರುವ ಸೀರೆ, ಕಾಲ ಬಳಿ ಕೊಬ್ಬರಿಯ ಚೀಲ, ಸೆರಗಿಗೆ ಸಿಕ್ಕಿಸಿದ ಪುಟ್ಟ ಮೈಕು. ನನ್ನನ್ನು ಕಂಡು ಎದ್ದು ನಿಂತರು.

"ಹಾಸ್ಟೆಲ್ ಮೇಡಮ್ಮೋರಾ?" ಎಂದರು.

ಗೋಡೆಯ ಆಚೆ ವಿಡಿಯೋ ಶುರುವಾಗಿತ್ತು. "ಪ್ರತಿ ರಾತ್ರಿ, ಯಾರದೋ ಮನೆಯ ಬಾಗಿಲು..." ಎಂದು ಒಬ್ಬ ಗಂಭೀರವಾಗಿ ಹೇಳುತ್ತಿದ್ದ. ನಾನು ಜೋರಾಗಿ ಕೆಮ್ಮಿದೆ. ಮತ್ತೂ ಕೆಮ್ಮಿದೆ.

"ಹೌದು. ನಾನೇ ಹಾಸ್ಟೆಲ್ ವಾರ್ಡನ್ನು" ಎಂದೆ. "ಬನ್ನಿ, ಊಟಕ್ಕೆ ಹೋಗೋಣ."

"ಮಗೀಗೆ ಏನೋ ಪ್ರೈಜ್ ಕೊಡ್ತಾರೆ, ಬನ್ನಿ ಅಂದ್ರು?"

"ಪ್ರೈಜ್ ಎಲ್ಲೂ ಹೋಗಲ್ಲ. ಹೊತ್ತಾಯ್ತು, ಬನ್ನಿ."

ಮೈಕನ್ನು ಕಿತ್ತು ಕುರ್ಚಿಯ ಮೇಲಿಟ್ಟೆ. ಅಡುಗೆ ಭಟ್ಟರ ಕಡೆಯ ಬಾಗಿಲಿನಿಂದ, ಪಾತ್ರೆ ತೊಳೆಯುವ ಜಾಗ ದಾಟಿ, ಅವರನ್ನು ಕೈಹಿಡಿದು ರಸ್ತೆಗೆ ತಂದೆ. ಎಲ್ಲಿಗೆ, ಯಾಕೆ ಎಂದು ಅವರು ಕೇಳಲಿಲ್ಲ. ಆಟೋದವನು ಮೀಟರ್ ಮೇಲೆ ಎಷ್ಟು ಕೇಳಿದರೂ ಹೂಂ ಎಂದೆ. ಅದು ನನ್ನ ಜೀವನದಲ್ಲಿ ಮೊದಲ ಸಲ.

ಶಂಕರಪುರ ತಲುಪುವಷ್ಟರಲ್ಲಿ ಫೋನು ಹೊಡೆದುಕೊಳ್ಳತೊಡಗಿತು. "ದೊಡ್ಡಮ್ಮ! ತಾಯಿ ಎಲ್ಲಿ? ಪರದೆ ತೆಗೆದ್ವಿ, ಯಾರೂ ಇಲ್ಲ! ಆಂಕರ್ ನಿಮ್ಮಮ್ಮ ಬಂದಿದ್ದಾರೆ ಅಂತ ಅನೌನ್ಸ್ ಮಾಡ್ಬಿಟ್ಲು! ಕ್ಲೈಮ್ಯಾಕ್ಸೇ ಹಾಳಾಯ್ತು!"

"ಕ್ಲೈಮ್ಯಾಕ್ಸು ಊಟಕ್ಕೆ ಹೋಗಿದೆ ಅಂತ ಹೇಳು" ಎಂದು ಇಟ್ಟೆ.

ಆಮೇಲೆ ಅಲ್ಲಿ ನಡೆದದ್ದು ನನಗೆ ಮರುದಿನ ತಿಳಿಯಿತು. ಖಾಲಿ ಪರದೆಯ ಮುಂದೆ ಎಲ್ಲರೂ ಬಾಯಿ ಬಿಟ್ಟುಕೊಂಡಿದ್ದಾಗ ಖಜಾಂಚಿಯವರು ಮೈಕು ತೆಗೆದುಕೊಂಡು, ಹುಡುಗಿಯರಿಗೆ ಊಟ ಬೇಕು, ಮನೆಗಳು ಸಾಲದು, ಯಾರಾದರೂ ಒಂದು ದಿನ ವಹಿಸಿಕೊಳ್ಳುತ್ತೀರಾ ಎಂದು ಬ್ಯಾಂಕಿನ ಕೌಂಟರಿನಲ್ಲಿ ಕೇಳುವಂತೆ ಕೇಳಿದರಂತೆ. ಅರ್ಧ ಜನ ಎದ್ದುಹೋದರು. ಅಂದುಕೊಂಡಷ್ಟು ದುಡ್ಡು ಬರಲಿಲ್ಲ. ಶನಿವಾರಕ್ಕೆ ಒಂದು ಮನೆ ಸಿಕ್ಕಿತು. ನಮ್ಮ ಹುಡುಗ ಇವತ್ತಿಗೂ, ತಾಯಿ ಬಂದಿದ್ದರೆ ಅಡುಗೆಮನೆಯೇ ಬರುತ್ತಿತ್ತು ಎನ್ನುತ್ತಾನೆ. ಬರುತ್ತಿತ್ತೋ ಏನೋ.

ಮನೆಯಲ್ಲಿ ನಾನು ಅಕ್ಕಿ ತೊಳೆದಿಟ್ಟು ಹೊಸದಾಗಿ ಸಾರಿಗಿಟ್ಟೆ. ಅವರು ಅಡುಗೆಮನೆಯ ಬಾಗಿಲಲ್ಲಿ ಗೋಡೆಗೆ ಒರಗಿ ಕೂತು ನೋಡುತ್ತಿದ್ದರು. ಎಷ್ಟು ಹಸು, ಹಾಲಿಗೆ ಎಷ್ಟು ರೇಟು ಎಂದು ಮಾತಾಡಿಸುತ್ತಲೇ ಇದ್ದೆ. ಮಾತು ನಿಂತರೆ ಅವರು ಹಾಸ್ಟೆಲಿನ ವಿಷಯ ಎತ್ತುತ್ತಾರೆಂದು ಭಯ. ಮಿಕ್ಕ ಹುಡುಗಿಯರೆಲ್ಲಿ, ಮಂಚಗಳೆಲ್ಲಿ, ಹಾಸ್ಟೆಲ್ ಎಂದರೆ ಇಷ್ಟೇನಾ ಎಂದರೆ ಏನು ಹೇಳಲಿ? ಪಾಠ ಓದದೆ ಕ್ಲಾಸಿಗೆ ಹೋದ ಟೀಚರಿನ ಪಾಡು ನನ್ನದು. ಎಲೆ ಹಾಕಿ ಬಡಿಸಿದೆ. ಅವರು ಅನ್ನ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟರು. ಇನ್ನೊಂದು ತುತ್ತು ಕಲಸುತ್ತ ತಲೆ ಎತ್ತದೆ ಕೇಳಿದರು:

"ಗುರುವಾರದೋರು ನೀವೇನಾ ಮೇಡಮ್ಮೋರೆ?"

ನಾನು ಸೌಟನ್ನು ಸಾರಿನ ಪಾತ್ರೆಯೊಳಗೆ ಬಿಟ್ಟೆ.

"ದಿನಾ ಫೋನ್ ಮಾಡ್ತಳೆ. ಏನುಂಡೆ ಮಗ ಅಂತೀನಿ. ಒಂದಿನ ಮುದ್ದೆ ಬಸ್ಸಾರು ಅಂತಳೆ. ಒಂದಿನ ಈರುಳ್ಳಿ ಬೆಳ್ಳುಳ್ಳಿ ಸೋಕ್ಸಲ್ಲ ಅಂತಳೆ. ಗುರುವಾರ ಮಾತ್ರ ಸಾರಿಗೆ ಬೆಲ್ಲ ಹಾಕಿರ್ತಾರಮ್ಮ ಅಂತಳೆ. ಹಾಸ್ಟೆಲ್ಲು ಅಂದ್ಮೇಲೆ ಒಂದೇ ಕೈ ಅಲ್ವ ಬೇಯ್ಸಾದು? ಒಂದ್ ಕೈಯಾಗೆ ಇಷ್ಟು ರುಚಿ ಬತ್ತವಾ? ಮೊದಲ್ನೇ ವರ್ಸನೇ ನಂಗೆ ಗೊತ್ತಾತು, ನನ್ ಮಗಳು ಮನೆ ಮನೇಲಿ ಉಣ್ತಾವಳೆ ಅಂತ."

"ಮತ್ತೆ ಯಾಕೆ..." ಎಂದೆ.

"ಕೇಳಿದ್ರೆ ಓದು ಬಿಟ್ಬಿಡ್ತಾಳೆ. ಅವಳು ನಂಗೋಸ್ಕರ ಮುಚ್ಚಿಟ್ಟವಳೆ, ನಾನು ಅವಳಿಗೋಸ್ಕರ ಮುಚ್ಚಿಟ್ಟಿವ್ನಿ."

"ಹಾಗಾದ್ರೆ ಛತ್ರದಲ್ಲಿ ನನ್ನನ್ನ ಹಾಸ್ಟೆಲ್ ಮೇಡಂ ಅಂತ ಯಾಕೆ ಕೇಳಿದ್ರಿ?"

ಅವರು ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದರು. "ಏನಂತೀರೋ ನೋಡಾನ ಅಂತ. ಲೈಟು, ಕ್ಯಾಮೆರಾ ಎಲ್ಲ ನೋಡಿ ಭಯ ಆತು. ಅನ್ನ ಹಾಕ್ದೋರು ಮರ್ಯಾದೆ ಕಾಯ್ತಾರೋ ಇಲ್ವೋ, ಯಾರನ್ನ ನಂಬಾದು? ನೀವು ಇಲ್ಲ ಅಂದಿದ್ರೆ ಇವತ್ತೇ ಕರ್ಕೊಂಡೋಗನ ಅಂತಿದ್ದೆ."

ಊರಿನ ಎಲ್ಲರನ್ನೂ ಅನುಮಾನಿಸಿಕೊಂಡು ತಿರುಗಿದ ನನ್ನನ್ನೇ ಒಬ್ಬರು ಕೂತಲ್ಲೇ ಪರೀಕ್ಷೆ ಮಾಡಿ, ಸದ್ಯ, ಪಾಸು ಮಾಡಿದ್ದರು. ನನಗೆ ಅಳು ಬಂತು. ತುಪ್ಪದ ನೆಪದಲ್ಲಿ ಒಲೆಯ ಕಡೆ ತಿರುಗಿ ನಿಂತೆ.

ಅಷ್ಟರಲ್ಲಿ ನನ್ನ ಗಂಡನ ಸ್ಕೂಟರಿನ ಸದ್ದಾಯಿತು. ಹುಡುಗಿ ಚಪ್ಪಲಿ ಸಹ ಬಿಡದೆ ಓಡಿಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಎಲೆಯ ಮುಂದೆ ಕೂತಿದ್ದ ತಾಯಿಯನ್ನು.

"ಏನಮ್ಮ, ಹಾಸ್ಟೆಲ್ ಹುಡುಗಿ ಇಷ್ಟೊತ್ತಿಗಾ ಬರೋದು? ನಿಮ್ಮ ತಾಯಿ ಬಂದು ಕಾಯ್ತಿದಾರೆ" ಎಂದೆ.

ತಾಯಿ ತಲೆ ಎತ್ತಲಿಲ್ಲ. ಪಕ್ಕದ ಜಾಗವನ್ನು ಎಡಗೈಯಲ್ಲಿ ಒರೆಸಿದರು. "ಕೈ ತೊಳ್ಕೊಂಡು ಬಾ ಮಗ, ಕೂತ್ಕೋ" ಎಂದರು. "ನಿಮ್ ಹಾಸ್ಟೆಲ್ ಊಟ ಚೆಂದಾಗೈತೆ."